ಹಸಿದೋ, ಒಣದೋ

ಬೆಳಿಗ್ಗೆ ಆರೂವರೆಗೆ ಪಾಲಿಕೆಯ ಗಾಡಿ
ದುರ್ಗಿಗುಡಿಯ ನಮ್ಮ ಅಡ್ಡರಸ್ತೆಗೆ ತಿರುಗುತ್ತಲೇ ಕೂಗುತ್ತದೆ:
ಹಸಿ ಕಸ ಬೇರೆ, ಒಣ ಕಸ ಬೇರೆ.
ಎರಡು ಬಕೆಟ್ಟು ಹಿಡಿದು ಗೇಟಿನಲ್ಲಿ ನಿಲ್ಲುತ್ತೇನೆ,
ಕಾಲ ನಡುವೆ ಟೋನರ್.

ಟೋನರ್ ನನ್ನ ಬೆಕ್ಕು. ಗಂಡು.
ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ
ಮಿಷನ್ನಿನ ಬೆಚ್ಚನೆ ಬೆನ್ನ ಮೇಲೆ ಬೆಳೆದದ್ದು.
ಖಾಲಿ ಡಬ್ಬಿಯನ್ನು ಕೊಡವಿದಾಗ ಉದುರಿದಷ್ಟು ಕಪ್ಪು.
ಎಷ್ಟೋ ಪಹಣಿಗಳ ಮೂಲೆಯಲ್ಲಿ ಅದರ ಬಾಲ ಅಚ್ಚಾಗಿದೆ.
ವಾದಿಯಾಗಲಿ ಪ್ರತಿವಾದಿಯಾಗಲಿ
ಇದುವರೆಗೆ ತಕರಾರು ಎತ್ತಿಲ್ಲ.

ಹೋದ ಸೋಮವಾರ ಮರಳಿನ ತಟ್ಟೆಯಲ್ಲಿ
ಕೂತಿತು, ಕೂತೇ ಇತ್ತು.
ಒಂದು ಹನಿ ಇಲ್ಲ.
ಕಟಕಟೆಗೆ ಹತ್ತಿ ಮಾತು ಮರೆತ ಸಾಕ್ಷಿಯ ಹಾಗೆ
ನನ್ನ ಮುಖವನ್ನೇ ನೋಡಿತು.

ಡಾಕ್ಟರ್ ಚಂದ್ರಮತಿ ನಳಿಗೆ ಹಾಕಿ
ಸಕ್ಕರೆ ಪುಡಿಯಂಥ ಹರಳು ತೆಗೆದು ತೋರಿಸಿದರು.
ಏನು ಹಾಕ್ತೀರಿ?
ಒಣದು. ಕಾಳು. ಮೂರು ಕೇಜಿ ಚೀಲ.
ನೀರು ಕುಡಿಯುತ್ತಾ?
ಬಟ್ಟಲು ಇಟ್ಟಿದ್ದೆ. ಕುಡಿದದ್ದನ್ನು ನೋಡಿದವಳಲ್ಲ.
ಇವುಗಳ ಹಿರೀಕರು ಮರಳುಗಾಡಿನವರು ಕಣ್ರೀ,
ಬಾಯಾರಿಕೆ ಇವಕ್ಕೆ ತಡವಾಗಿ ತಿಳಿಯುತ್ತೆ.
ಊಟದ ಒಳಗೇ ನೀರು ಹೋಗಬೇಕು. ಹಸಿದು ಹಾಕಿ.

ಹಸಿ ಗೋಡೆಗೆ ಹರಳು ನೆಟ್ಟ ಹಾಗೆ ಕೂತಿತು ಮಾತು.
ನಾನೂ ಅಂಗಡಿಯಲ್ಲಿ ನೀರು ಮುಟ್ಟುವುದಿಲ್ಲ:
ಆ ಸಾಲಿನ ಹದಿನೇಳು ಮಳಿಗೆಗೆ
ಹೆಂಗಸರು ಹೋಗುವ ಒಂದು ಬಾಗಿಲಿಲ್ಲ.
ಇದನ್ನು ಬೆಕ್ಕಿನ ಡಾಕ್ಟರಿಗೆ ಹೇಳುವುದು ಹೇಗೆ.

ಪೌಚು ನಲವತ್ತೈದು, ಎಂದ ಪೆಟ್ ಶಾಪಿನ ರೋಶನ್ ಡಿಸಿಲ್ವ.
ಪುಟಕ್ಕೆ ಎರಡು ರೂಪಾಯಿ; ಇಪ್ಪತ್ತೆರಡೂವರೆ ಪುಟ.
ಆ ಅರ್ಧ ಪುಟ ಯಾವ ದಾವೆಯದೋ.
ಒಡೆದರೆ ಮುಗಿಸಬೇಕು, ಅಂಗಡಿಯಲ್ಲಿ ಫ್ರಿಜ್ಜಿಲ್ಲ.
ಒಣದಾದರೆ ತಿಂಗಳು ಸುಮ್ಮನೆ ಬಿದ್ದಿರುತ್ತದೆ,
ನನ್ನ ಹಾಗೆ, ಯಾರನ್ನೂ ಏನೂ ಕೇಳದೆ.

ಗುಮಾಸ್ತ ಇಲ್ಯಾಸ್ ಹೇಳಿದ: ಒಣದೇ ಸರಿ, ಹಲ್ಲು ಗಟ್ಟಿ.
ಛಾಪಾ ಕಾಗದದ ಪುಟ್ಟಾಚಾರ್ ಹೇಳಿದರು:
ಬೆಕ್ಕಿಗೂ ಹೋಟೆಲೂಟವೇನ್ರೀ!
ಹಾಲು ಕಂಡರೆ ಕಣ್ಣು ಮುಚ್ಚಿ ಕುಡಿಯೋ ಜಾತಿ.
ಒಣ ಜಂಬ, ಒಣ ಹರಟೆ, ಒಣ ಉಪದೇಶ,
ಹಸಿ ಸುಳ್ಳು, ಹಸಿ ಗಾಯ, ಹಸಿ ಬಾಣಂತಿ,
ಲೆಕ್ಕ ಹಾಕುತ್ತ ರಾತ್ರಿ ನಿದ್ದೆ ಬರಲಿಲ್ಲ.
ಹಸಿವಿನಲ್ಲೂ ಒಂದು ಹಸಿ ಇದೆ ಎಂಬುದು
ಒಂದೂವರೆ ಗಂಟೆಗೆ ಹೊಳೆಯಿತು.

ಎದ್ದು ಎರಡೂ ತಟ್ಟೆ ಇಟ್ಟೆ.
ಹಸಿಯದರ ಸಾರು ನೆಕ್ಕಿ ಹೋಳು ಬಿಟ್ಟಿತು.
ಒಣದನ್ನು ಮೂಸಿ ಚೀಲವನ್ನೇ ಕೆರೆಯಿತು.
ಅವಲಕ್ಕಿ ನೆನೆಸುವ ಹಾಗೆ ಕಾಳಿಗೆ ಉಗುರುಬೆಚ್ಚನೆ ನೀರು ಹಾಕಿದೆ:
ಮುಂಗಾಲು ಒದರಿ, ಬೆನ್ನು ತಿರುಗಿಸಿ ಕೂತಿತು.
ಆಯ್ಕೆ ನನ್ನದೆಂದು ಯಾರು ಹೇಳಿದರು.

ಮಾರನೆಯ ದಿನ ಅಂಗಡಿಗೆ ಲೀಟರಿನ ಬಾಟಲಿ ಒಯ್ದೆ.
ಹನ್ನೊಂದಕ್ಕೆ ಮುಗಿಯಿತು. ಹನ್ನೊಂದೂಕಾಲಿಗೆ
ರಸ್ತೆ ದಾಟಿ ಕೋರ್ಟಿನ ಮೆಟ್ಟಿಲು ಹತ್ತಿದೆ.
ಏನು ಕೇಸಮ್ಮಾ? ಎಂದ ಬಾಗಿಲಿನವನು.
ತುರ್ತು, ಎಂದೆ.
ಬಲಕ್ಕೆ ತೋರಿಸಿದ.

ಇವತ್ತು ಗಾಡಿ ಬಂದಾಗ ಕೈಯಲ್ಲಿ ಖಾಲಿ ಪೌಚು.
ಯಾವ ಬಕೆಟ್ಟಿಗೆ ಹನುಮಕ್ಕಾ, ಹಸಿದೋ ಒಣದೋ?
ಮೂಸಿ ನೋಡಿ ಮುಖ ಸಿಂಡರಿಸಿದಳು:
ತೊಳ್ದು ಕೊಡ್ರಿ ನಾಳೆ. ನಾಯಿ ಹರೀತವೆ.

ನಲ್ಲಿಯ ಕೆಳಗೆ ಹಿಡಿದು ಕುಲುಕಿದೆ.
ಮೀನಿನ ವಾಸನೆಯ ಆ ಕಲಗಚ್ಚು
ಕಲ್ಲಿನ ಗುಂಡಿಯಲ್ಲಿ ನಿಂತಿತು.
ಎಲ್ಲಿತ್ತೋ ಟೋನರ್, ಬಂದು
ಬಗ್ಗಿ ಲೊಚಲೊಚ ಕುಡಿಯತೊಡಗಿತು,
ಕಣ್ಣು ತೆರೆದುಕೊಂಡೇ.
ನಲ್ಲಿ ನಿಲ್ಲಿಸಲಿಲ್ಲ ನಾನು.